ಮೂವತ್ತೆಂಟನೇ ಪುಟ

ನಾನು ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಾಸ್ಪೆಕ್ಟಸ್. ನಲವತ್ತು ಪುಟ, ನಾಲ್ಕು ಬಣ್ಣ, ಮೇಲೊಂದು ಮಿರಮಿರ ಮಿಂಚುವ ರಟ್ಟು. ಒಂದು ಕಾಲದಲ್ಲಿ ಇಷ್ಟು ಹೇಳಿಕೊಳ್ಳುವಾಗ ಎದೆಯುಬ್ಬುತ್ತಿತ್ತು. ಈಗ ತಲೆ ತಗ್ಗುತ್ತದೆ. ಯಾಕೆಂದು ತಿಳಿಯಬೇಕಾದರೆ ಹುಟ್ಟಿನಿಂದಲೇ ಕೇಳಬೇಕು.

ಹುಟ್ಟಿದ್ದು ಒಂದು ದೊಡ್ಡ ಮುದ್ರಣಾಲಯದಲ್ಲಿ, ಐದು ಸಾವಿರ ಒಡಹುಟ್ಟಿದವರ ಜೊತೆ. ನನ್ನ ರಟ್ಟಿನ ಮೇಲೆ ನಗುತ್ತಾ ನಿಂತಿರುವ ಮೂವರು ಆ ಕಾಲೇಜಿನಲ್ಲಿ ಓದಿದವರೇ ಅಲ್ಲ, ಫೋಟೊಗ್ರಾಫರನ ಪರಿಚಯದವರು. ಒಳಗಿನ ಹುಲ್ಲುಹಾಸನ್ನು ಕಂಪ್ಯೂಟರಿನಲ್ಲಿ ಹಸಿರು ಮಾಡಿದ್ದರು. ಮದುವೆಗೆ ಹೊರಟವರು ಪೌಡರ್ ಹಚ್ಚಿಕೊಳ್ಳುವುದಿಲ್ಲವೇ ಎಂದು ನಾನೂ ಸುಮ್ಮನಿದ್ದೆ. ನನ್ನ ನಿಜವಾದ ಐಬು ಇದ್ದದ್ದು ಮೂವತ್ತೆಂಟನೇ ಪುಟದ ತಳದಲ್ಲಿ. ಮೊದಲ ವರ್ಷ ಎಲ್ಲರೂ ಹಾಸ್ಟೆಲಿನಲ್ಲೇ ಇರಬೇಕು, ಅಲ್ಲಿನ ಮೆಸ್ಸಿನಲ್ಲೇ ಉಣ್ಣಬೇಕು, ಅದಕ್ಕೆ ಬೇರೆಯಾಗಿ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ, ಸೇರುವ ದಿನವೇ ಕಟ್ಟಬೇಕು ಎಂದು ಇಂಗ್ಲಿಷಿನಲ್ಲಿ, ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದರು. ವರ್ಷದ ಫೀಸು ತೊಂಬತ್ತಾರು ಸಾವಿರ ಎಂಬುದು ಮಾತ್ರ ಆರನೇ ಪುಟದಲ್ಲಿ ಹೆಬ್ಬೆರಳಿನಷ್ಟು ದಪ್ಪಗಿತ್ತು.

ಹುಬ್ಬಳ್ಳಿಯ ಒಂದು ಶಿಕ್ಷಣ ಮೇಳದಲ್ಲಿ ನನ್ನನ್ನು ಕೋಟ್ರೇಶಿ ಎಂಬ ಬಸ್ ಕಂಡಕ್ಟರನ ಕೈಗೆ ಕೊಟ್ಟರು. ಅವನು ಮಗನಿಗಾಗಿ ಒಯ್ದ. ಮಗ ಒಂದು ಪುಟವನ್ನೂ ತೆರೆಯದೆ ನನ್ನನ್ನು ಕೇರಂ ಬೋರ್ಡಿನ ಒಂದು ಮೂಲೆಗೆ ಒತ್ತು ಕೊಟ್ಟ. ಹದಿನೈದು ದಿನ ನೋಡಿ ಕೋಟ್ರೇಶಿಗೆ ಬೇಸರ ಬಂತು. ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ಸಾತವ್ವ ನಡೆಸುವ ಖಾನಾವಳಿಯಲ್ಲಿ ಅವನು ದಿನಾ ಉಣ್ಣುತ್ತಿದ್ದ. ಇದು ನಮ್ಮ ಹುಡುಗನ ತಲೆಗೆ ಹತ್ತುವಂಥದ್ದಲ್ಲ, ನಿಮ್ಮ ಪಲ್ಲವಿಗೆ ಇರಲಿ ಎಂದು ನನ್ನನ್ನು ಗಲ್ಲಾದ ಮೇಲಿಟ್ಟು ಕೈ ತೊಳೆಯಲು ಹೋದ.

ಸಾತವ್ವನ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಪಲ್ಲವಿ ಒಬ್ಬಳೇ ಮಗಳು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು, ಮೊದಲ ಸುತ್ತಿನಲ್ಲೇ ಒಂದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಖರ್ಚು ಕಡಿಮೆ, ಊರೂ ಹತ್ತಿರ. ಆದರೆ ಅದರ ಹೆಸರು ಹೇಳಿದರೆ ಊಟಕ್ಕೆ ಕುಳಿತವರು "ಹೌದಾ" ಎಂದು ಸಾರು ಹಾಕಿಸಿಕೊಳ್ಳುತ್ತಿದ್ದರು. ನನ್ನ ಕಾಲೇಜಿನ ಹೆಸರು ಹೇಳಿದರೆ ಎತ್ತಿದ ತುತ್ತು ಬಾಯಿಯ ಮುಂದೆ ನಿಲ್ಲುತ್ತಿತ್ತು. ಅದನ್ನು ತಾಯಿಯೂ ನೋಡಿದಳು, ಮಗಳೂ ನೋಡಿದಳು. ನಾನಂತೂ ಗಲ್ಲಾದ ಮೇಲೆ ಕುಳಿತು ಬೀಗಿದೆ.

ಒಂದು ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಸಾತವ್ವ ಸಂಜೆಗೆ ರೊಟ್ಟಿ ಬಡಿಯುತ್ತಾ, ಆ ಪುಸ್ತಕದಲ್ಲಿ ಏನಿದೆ ಓದು ಎಂದಳು. ಪಲ್ಲವಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಗ್ರಂಥಾಲಯ, ಲ್ಯಾಬು, ದೊಡ್ಡ ಕಂಪನಿಗಳು, ತೊಂಬತ್ತಾರು ಸಾವಿರ ಫೀಸು. ಮೂವತ್ತೆಂಟನೇ ಪುಟಕ್ಕೆ ಬಂದಳು. ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಎರಡು ಹಾಳೆ ಕೂಡಿಸಿ ಮಗುಚಿ, "ಇಷ್ಟs ಯವ್ವಾ, ಮುಗೀತು" ಎಂದಳು. ಹೊಸ ನುಣುಪು ಹಾಳೆಗಳು ಒಂದಕ್ಕೊಂದು ಸಲೀಸಾಗಿ ಅಂಟಿಕೊಳ್ಳುತ್ತವೆ. ಆ ಸುಳ್ಳಿಗೆ ನನ್ನ ಕೈಯೂ ಕೂಡಿತು ಎಂದೇ ಹೇಳಬೇಕು.

ಮೂರು ದಿನದ ಮೇಲೆ ಪಲ್ಲವಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಸಾತವ್ವ ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ತೆರೆದಳು. ಚಿತ್ರ ನೋಡುತ್ತಾ ನೋಡುತ್ತಾ ಮೂವತ್ತೆಂಟಕ್ಕೆ ಬಂದು ನಿಂತಳು. ಅಕ್ಷರ ಅವಳಿಗೆ ತಿಳಿಯಲಿಲ್ಲ. ಅಂಕಿ ತಿಳಿಯಿತು. ಬೆರಳಿಟ್ಟು ಸೊನ್ನೆಗಳನ್ನು ಎರಡು ಸಲ ಎಣಿಸಿದಳು. ಮಗಳು ಈ ಪುಟವನ್ನು ತನಗೆ ಓದಿ ಹೇಳಿರಲಿಲ್ಲ ಎಂಬುದೂ ಅವಳಿಗೆ ಹೊಳೆಯಿತು. ನನ್ನನ್ನು ಮೊದಲಿದ್ದ ಹಾಗೆಯೇ ಇಟ್ಟು ಒಲೆಯ ಮುಂದೆ ಹೋಗಿ ಕುಳಿತಳು. ಈಗ ಮೂವರಿಗೂ ವಿಷಯ ಗೊತ್ತಿತ್ತು. ನನಗೆ ಬಾಯಿಲ್ಲ, ಬಾಯಿದ್ದ ಇಬ್ಬರೂ ಬಿಡಲಿಲ್ಲ.

ಸೀಟು ಹಂಚುವವರದು ಒಂದು ಕಟ್ಟಳೆಯಿದೆ. ಸಿಕ್ಕ ಸೀಟನ್ನು ಹಿಡಿದುಕೊಂಡೇ, ಆಯ್ಕೆಯ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದ ಕಾಲೇಜಿಗೆ ಕಾಯಬಹುದು. ಆದರೆ ಮೇಲಿನದು ಸಿಕ್ಕಿತೋ, ಕೈಯಲ್ಲಿದ್ದದ್ದು ತಾನಾಗಿಯೇ ಹೋಗುತ್ತದೆ, ಮತ್ತೆ ಬೇಕೆಂದರೆ ಬರುವುದಿಲ್ಲ. ಸರ್ಕಾರಿ ಸೀಟಿಗೆ ಸೇರಿಬಿಡಬೇಕೋ, ಕಾಯಬೇಕೋ ಎಂದು ತಿಳಿಸುವ ಕೊನೆಯ ದಿನ ಬಂತು. ಏನು ಮಾಡಲಿ ಎಂದು ಪಲ್ಲವಿ ತಾಯಿಯನ್ನು ಕೇಳಿದಳು. ಬೇಡ ಎನ್ನಲಿ ಎಂಬ ಆಸೆ ಅವಳ ದನಿಯಲ್ಲಿ ಅರ್ಧ ಇತ್ತು, ಹೂಂ ಎನ್ನಲಿ ಎಂಬುದು ಇನ್ನರ್ಧ.

"ನಿನ್ನ ಮನಸ್ಸಿಗೆ ಬಂದಂಗ ಮಾಡವಾ," ಎಂದಳು ಸಾತವ್ವ. ಪಲ್ಲವಿ ಸೈಬರ್ ಸೆಂಟರಿಗೆ ಹೋಗಿ, ಕಂಪ್ಯೂಟರಿನಲ್ಲಿ ಕಾಯುತ್ತೇನೆ ಎಂದು ಒತ್ತಿ ಬಂದಳು.

ಎರಡನೇ ಸುತ್ತಿನಲ್ಲಿ ನನ್ನ ಕಾಲೇಜೇ ಸಿಕ್ಕಿತು. ಕೋಟ್ರೇಶಿ ಎಲ್ಲರಿಗೂ ಪೇಡೆ ಹಂಚಿದ. ಸಾತವ್ವ ಕೊರಳಲ್ಲಿದ್ದ ಬಂಗಾರದ ಬೋರಮಾಳ ಮಾರಿದಳು, ಹೆಂಗಸರ ಸಂಘದಲ್ಲಿ ಸಾಲ ಎತ್ತಿದಳು. ಒಟ್ಟು ಎಷ್ಟು ತಂದಳೆಂದು ಮಗಳಿಗೆ ಹೇಳಲಿಲ್ಲ. ಸೇರುವ ಕೊನೆಯ ದಿನ ಇಬ್ಬರೂ ನಸುಕಿನ ಬಸ್ಸು ಹಿಡಿದರು. ನಾನು ಪಲ್ಲವಿಯ ಕೈಯಲ್ಲಿದ್ದೆ.

ಕೌಂಟರಿನ ಗುಮಾಸ್ತ ಫೀಸು, ಹಾಸ್ಟೆಲು, ಮೆಸ್ಸು ಎಂದು ಒಂದೊಂದೇ ಹೇಳಿ ಲೆಕ್ಕ ಹಾಕಿ, ಎರಡು ಲಕ್ಷದ ಹದಿನಾರು ಸಾವಿರ ಎಂದ. ಕೇಳಿಕೊಂಡರೆ ಹಾಸ್ಟೆಲಿನದು ಬಿಟ್ಟಾರು ಎಂದು ನಂಬಿ ಬಂದಿದ್ದ ಪಲ್ಲವಿ ತಲೆ ತಗ್ಗಿಸಿದಳು. ಸಾತವ್ವ ಬೆಚ್ಚಲಿಲ್ಲ. ಚೀಲದಿಂದ ಒಂದು ಲಕ್ಷದ ಎಂಬತ್ತು ಸಾವಿರ ತೆಗೆದು ಇಟ್ಟಳು. ತಾನು ಹೇಳಿದ್ದು ತೊಂಬತ್ತಾರು ಮಾತ್ರ, ಇಷ್ಟು ಯಾಕೆ ತಂದಳು ಎಂದು ಪಲ್ಲವಿ ತಾಯಿಯ ಮುಖವನ್ನೇ ನೋಡಿದಳು.

"ಉಳಿದದ್ದು ದೀಪಾವಳಿಗೆ ಕೊಡ್ತೀನ್ರಿ ಸಾಹೇಬ್ರ. ಇಲ್ಲಾಂದ್ರ ಮೆಸ್ಸಿನ ರೊಕ್ಕ ಬಿಡ್ರಿ. ನನ್ನದs ಖಾನಾವಳಿ ಐತ್ರಿ, ಆಕಿ ಬುತ್ತಿ ದಿನಾ ಬಸ್ಸಿನ್ಯಾಗ ಕಳಸ್ತೀನಿ."

ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಗುಮಾಸ್ತ ಕೆಟ್ಟವನಲ್ಲ, ದಣಿದಿದ್ದ. ಪಲ್ಲವಿಯ ಕೈಯಿಂದ ನನ್ನನ್ನು ತೆಗೆದುಕೊಂಡು, ಹುಡುಕುವ ಗೊಡವೆಯೇ ಇಲ್ಲದೆ ಮೂವತ್ತೆಂಟನೇ ಪುಟ ತೆರೆದ. "ಇಲ್ಲೇ ಬರೆದಿದೆಯಲ್ಲಮ್ಮಾ, ನೀವು ಓದಿಲ್ವಾ?" ಎಂದ. ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನನ್ನು ನೋಡಿದರು. ಅಷ್ಟೊಂದು ಜನರ ನಡುವೆ ಬಟ್ಟೆ ಬಿಚ್ಚಿದ ಹಾಗಾಯಿತು ನನಗೆ. ನಾಲ್ಕು ಗಂಟೆಗೆ ಕೌಂಟರು ಮುಚ್ಚಿತು. ಮೂವತ್ತಾರು ಸಾವಿರಕ್ಕೆ ಆ ಸೀಟು ಹೋಯಿತು. ಸರ್ಕಾರಿ ಸೀಟು ಆಗಲೇ ಬೇರೆ ಯಾರದೋ ಆಗಿತ್ತು.

ಪಲ್ಲವಿ ಊರಿನ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಳು. ಅದು ಸಣ್ಣ ಓದೇನಲ್ಲ, ಆದರೆ ಅವಳು ಬಯಸಿದ್ದು ಅದಲ್ಲ. ಕೋಟ್ರೇಶಿ ಬೇರೆ ಖಾನಾವಳಿಗೆ ಉಣ್ಣಲು ಹೋಗತೊಡಗಿದ, ನಾಚಿಕೆಗೆ ಇರಬೇಕು. ನನ್ನನ್ನು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಅಡಿಗೆ ಹಾಕಿದ್ದಾರೆ. ರಟ್ಟಿನ ಮಿಂಚು ಹೋಗಿದೆ, ತೇವಕ್ಕೆ ಹಾಳೆ ಉಬ್ಬಿವೆ. ದೂರಲು ನನಗೆ ಮುಖವಿಲ್ಲ.

ಮೊನ್ನೆ ಮಧ್ಯಾಹ್ನ ಪಲ್ಲವಿ ತಾಯಿಯ ಪಕ್ಕ ಬಂದು ಕುಳಿತಳು. ರೊಟ್ಟಿಗೆ ಹಿಟ್ಟಿನ ಉಂಡೆ ಮಾಡಿಕೊಟ್ಟಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ಯವ್ವಾ, ಆ ಪುಟ ನಾ ಬೇಕಂತs ಓದಲಿಲ್ಲ."

"ಗೊತ್ತು. ಅಂಕಿ ನನಗೂ ಓದಾಕ ಬರ್ತಾವ."

"ಮತ್ತ ಯಾಕ ಸುಮ್ಮನಿದ್ದಿ? ಒಂದ್ ಮಾತ ಅಂದಿದ್ರ ನಾ ಸರ್ಕಾರಿ ಸೀಟ ತಗೋತಿದ್ನೆಲ್ಲಾ."

ಸಾತವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಅದಕ್ಕs ಅನ್ಲಿಲ್ಲವಾ," ಎಂದಳು. "ನೀನs ಹೇಳ್ತಿ ಅಂತ ಕಾದೆ ಅಂದ್ರ ಸುಳ್ಳಾಗತೈತಿ. ಮಂದಿ ಮುಂದ ಆ ಹೆಸರು ಹೇಳಬೇಕು ಅಂತ ನನಗs ನಿನಗಿಂತ ಜಾಸ್ತಿ ಆಸೆ ಇತ್ತು."

ಪಲ್ಲವಿ ತಾಯಿಯ ಹೆಗಲಿಗೆ ಮುಖ ಒತ್ತಿದಳು. ರೊಟ್ಟಿ ಸೀದು ಹೋಯಿತು, ಇಬ್ಬರೂ ಏಳಲಿಲ್ಲ.

ಮಗಳು ತನ್ನ ತಪ್ಪು ಹೇಳಿಕೊಂಡಳು, ತಾಯಿ ತನ್ನದನ್ನು ಹೇಳಿಕೊಂಡಳು. ಆ ಸಾಲನ್ನು ಅಷ್ಟು ಸಣ್ಣದಾಗಿ ಅಚ್ಚು ಹಾಕಿಸಿದವರು ಇವತ್ತಿನವರೆಗೆ ಏನೂ ಹೇಳಿಲ್ಲ, ಹೇಳುವಂತೆಯೂ ಕಾಣುವುದಿಲ್ಲ. ಅವರು ಬರೆಸಿದ್ದನ್ನು ಮೈಮೇಲೆ ಹೊತ್ತವನು ನಾನು. ಹಾಗಾಗಿ ನಾನೇ ಹೇಳುತ್ತಿದ್ದೇನೆ: ತಪ್ಪಾಯಿತು.