ಕಿಟಕಿ ಪಕ್ಕದ ಸಿಂಹ

ನೈರೋಬಿಗೆ ಹೋಗಬೇಡ ಎಂದು ನೀರಜಾಳನ್ನು ಯಾರೂ ತಡೆದಿರಲಿಲ್ಲ. ಹೋಗಬಹುದಿತ್ತು, ಮರಳಿ ಡಬ್ಲಿನ್ನಿಗೆ ಕಾಲಿಡುವುದೇ ಆಗುತ್ತಿರಲಿಲ್ಲ. ಇಲ್ಲಿ ವಾಸಕ್ಕೆ ಕೊಡುವ ಕಾರ್ಡಿನ ಅವಧಿ ಮುಗಿದಿತ್ತು. ಹೊಸದು ಇವತ್ತು ಬಂತು, ನಾಳೆ ಬಂತು ಎಂದು ಕಾದು ಕಾದು, ಪಾಪದ ಪೋಸ್ಟಿನವನ ಮುಖ ಕಂಡರೂ ಅವಳಿಗೆ ಮೈ ಉರಿಯುತ್ತಿತ್ತು. ಕಾರ್ಡಿಲ್ಲದೆ ದೇಶ ಬಿಟ್ಟರೆ ಮತ್ತೆ ವೀಸಾ, ಮತ್ತೆ ತಿಂಗಳುಗಟ್ಟಲೆ ಕಾಯುವುದು, ಅಷ್ಟರಲ್ಲಿ ಕೆಲಸಕ್ಕೆ ಎಳ್ಳುನೀರು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಕಾರ್ಡಿದ್ದ ಗಂಡ ವಿಕ್ರಮ್, ಇಲ್ಲೇ ಹುಟ್ಟಿದ ಮಗಳು ತನ್ವಿ, ಇಬ್ಬರೇ ವಿಮಾನ ಹತ್ತಿದರು.

ನೀರಜಾಗೆ ಬೇಕಿದ್ದದ್ದು ಸಫಾರಿಯೂ ಅಲ್ಲ, ಸಿಂಹ ಮಣ್ಣಂಗಟ್ಟಿಯೂ ಅಲ್ಲ. ನೈರೋಬಿಯಲ್ಲಿದ್ದ ಅಣ್ಣ ಸುರೇಶನ ಮನೆಗೆ ಮೈಸೂರಿನಿಂದ ಅಮ್ಮ ಬಂದಿದ್ದಳು. ಅಮ್ಮನ ಕೈ ಹಿಡಿದು ನಾಲ್ಕು ವರ್ಷವಾಗಿತ್ತು.

"ಒಂದ್ಸಲ ಕಣ್ತುಂಬ ನೋಡ್ಬೇಕು ಕಣೆ ನಿನ್ನ. ಹೆಂಗಾದ್ರೂ ಮಾಡಿ ಬಾ," ಎಂದು ಅಮ್ಮ ಎಂದೂ ಇಲ್ಲದ ಹಟ ಹಿಡಿದಿದ್ದಳು.

"ದಿನಾ ವೀಡಿಯೊದಲ್ಲಿ ನೋಡ್ತೀಯಲ್ಲಮ್ಮ?"

"ನೋಡ್ತೀನಿ, ನೋಡ್ತೀನಿ. ತುಂಬ ಬಡವಾಗಿದೀಯ."

ಬಡವಾಗುವುದೆಲ್ಲಿ ಬಂತು! ಐರ್ಲೆಂಡಿನ ಬೆಣ್ಣೆ ತಿಂದು ತಿಂದು ನೀರಜಾಳ ಹಳೇ ರವಿಕೆಗಳಲ್ಲಿ ತೋಳೇ ತೂರುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಮ್ಮಮ್ಮನಿಗೆ ಆನೆಯೂ ಬಡಕಲು ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ಅಮ್ಮ ಊರಿಗೆ ಹೊರಡುವ ದಿನ ಸುರೇಶ ಎಲ್ಲರನ್ನೂ ಊರಂಚಿನ ಸಫಾರಿಗೆ ಕರೆದೊಯ್ದ. ಇತ್ತ ನೀರಜಾ ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸಿನಲ್ಲಿ, ಫೋನಿನಲ್ಲಿ ಮಾತಾಡಲೆಂದೇ ಮಾಡಿಟ್ಟ ಗಾಜಿನ ಗೂಡಿಗೆ ಹೊಕ್ಕು ಬಾಗಿಲೆಳೆದುಕೊಂಡಳು. ಕೂತರೆ ಮಂಡಿ ಗೋಡೆಗೆ ತಾಗುವಷ್ಟು ಜಾಗ. ಗಾಳಿ ಇಲ್ಲ, ಪುಣ್ಯಕ್ಕೆ ನೆಟ್‌ವರ್ಕ್ ಇತ್ತು.

ಫೋನಿನಲ್ಲಿ ಮೊದಲು ಜಿರಾಫೆ ಕಂಡಿತು. ಅದರ ಕತ್ತಿನ ಹಿಂದೆ ನೈರೋಬಿಯ ಎತ್ತರದ ಕಟ್ಟಡಗಳು. "ಮಮ್ಮಿ, ಇಟ್ಸ್ ಓನ್ಲಿ ಮ್ಯಾಸಿವ್!" ಎಂದು ತನ್ವಿ ಅಪ್ಪಟ ಡಬ್ಲಿನ್ ರಾಗದಲ್ಲಿ ಕಿರುಚಿದಳು.

"ಅಜ್ಜಿಗೂ ತೋರ್ಸು ಪುಟ್ಟಿ."

"ಅಜ್ಜಿ ಈಸ್ ಗ್ರ್ಯಾಂಡ್." ಆರಾಮಾಗಿದ್ದಾಳೆ ಅನ್ನುವುದಕ್ಕೆ ಡಬ್ಲಿನ್ನಿನವರ ಮಾತು ಅದು.

ಅಷ್ಟರಲ್ಲಿ ವ್ಯಾನು ನಿಂತಿತು. ಡ್ರೈವರ್ ಸದ್ದು ಮಾಡಬೇಡಿ ಎಂದು ಪಿಸುಗುಟ್ಟಿ ಮೇಲ್ಛಾವಣಿ ಎತ್ತಿದ. ತನ್ವಿ ಫೋನನ್ನು ಅಜ್ಜಿಯ ಕೈಗೆ ತುರುಕಿ ಸೀಟಿನ ಮೇಲೆ ಹತ್ತಿದಳು. ಎಲ್ಲರ ತಲೆಯೂ ಛಾವಣಿಯಾಚೆ ಹೋಯಿತು. ನೀರಜಾಗೆ ಕಂಡದ್ದು ಗಂಡನ ಪ್ಯಾಂಟು, ಮಗಳ ಬೂಟು ಮಾತ್ರ. ಮಂಡಿನೋವಿನ ಅಮ್ಮ ಕಿಟಕಿ ಪಕ್ಕ ಕೂತೇ ಇದ್ದಳು.

"ಅಗೋ ಸಿಂಹ! ಅಗೋ ಅಗೋ!" ಮೇಲಿನಿಂದ ಸುರೇಶನ ದನಿ.

ಅಮ್ಮ ಫೋನನ್ನು ಮಡಿಲಲ್ಲಿಟ್ಟಳು. ಸೆರಗು ಸರಿಮಾಡಿಕೊಂಡು ಎರಡೂ ಕೈ ಮುಗಿದಳು. "ತಾಯಿ ಚಾಮುಂಡೇಶ್ವರಿ, ಈ ವಯಸ್ಸಲ್ಲಿ ನಿನ್ನ ವಾಹನದ ದರ್ಶನ ಮಾಡ್ಸಿದ್ಯಲ್ಲೇ ನಮ್ಮಮ್ಮ."

ಮಡಿಲಲ್ಲಿದ್ದ ಫೋನಿಗೆ ಅಮ್ಮನ ಗಲ್ಲ, ಮುಗಿದ ಕೈ, ಬೆನ್ನ ಹಿಂದಿನ ಕಿಟಕಿಯ ಗಾಜು ಕಾಣುತ್ತಿತ್ತು. ಆ ಗಾಜಿನಾಚೆ ಸಿಂಹ ನಡೆದು ಬಂತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಮ್ಮ ಮಾತ್ರ ಅದಕ್ಕೆ ಬೆನ್ನು ತಿರುಗಿಸಿಕೊಂಡು, ಏನೂ ಇಲ್ಲದ ಎದುರಿನ ಬಯಲಿಗೆ ಕೈ ಮುಗಿಯುತ್ತಿದ್ದಳು.

"ಅಮ್ಮಾ, ನಿನ್ ಕಿಟಕಿ ಹತ್ರಾನೇ ನಡ್ಕೊಂಡ್ ಬಂತು! ಕಾಣ್ತಾ?" ಎಂದ ಸುರೇಶ, ಮೇಲಿನಿಂದಲೇ.

ಅಮ್ಮ ಕಿಟಕಿಯತ್ತ ತಿರುಗಿದಳು. ಸಿಂಹದ ಕೇಸರ ಗಾಜು ಸವರಿಕೊಂಡೇ ಹೋಯಿತು. ಅಮ್ಮ ಬೆಚ್ಚಲಿಲ್ಲ, ಹಿಂದೆ ಸರಿಯಲೂ ಇಲ್ಲ. "ಕಾಣ್ತಪ್ಪ, ಕಾಣ್ತು. ಅಲ್ಲಿ ಎಷ್ಟು ಚೆನ್ನಾಗಿ ಮಲ್ಗಿದೆ!" ಎಂದಳು.

ನೀರಜಾ ಫೋನನ್ನು ಕಣ್ಣಿಗೆ ಹತ್ತಿರ ತಂದಳು. ಅಯ್ಯೋ ದೇವರೇ, ಅಮ್ಮನಿಗೆ ಕಣ್ಣು ಕಾಣುತ್ತಿಲ್ಲ. ಇಷ್ಟು ದೊಡ್ಡ ಸಿಂಹ ಕಾಣದವಳಿಗೆ ಅಂಗೈಯಗಲದ ಫೋನಿನಲ್ಲಿ ತಾನು ಏನು ಕಾಣುತ್ತಿದ್ದೆ? ಎಷ್ಟು ತಿಂಗಳಿಂದ? ಹೇಳಿದರೆ ಮಗಳು ಕೆಲಸ, ಕಾರ್ಡು ಎಲ್ಲ ಬಿಟ್ಟು ಓಡಿಬರುತ್ತಾಳೆಂದು ಬಾಯಿ ಮುಚ್ಚಿಕೊಂಡಿದ್ದಾಳೆ. ಉಳಿದಿದ್ದ ಚೂರು ಬೆಳಕಲ್ಲಿ ಒಮ್ಮೆ ಮುಖ ನೋಡಿಬಿಡೋಣ ಎಂದು ನೈರೋಬಿಯವರೆಗೆ ಬಂದಿದ್ದಾಳೆ. ತಾನು ಕಾರ್ಡು ಕಾಯುತ್ತಾ ಕೂತೆ. ನೀರಜಾಗೆ ತನ್ನ ಮೇಲೇ ಹೇಸಿಗೆಯಾಯಿತು.

ಯಾರೋ ಗಾಜು ತಟ್ಟಿದರು. ಗೂಡಿಗಾಗಿ ಕಾಯುತ್ತಿದ್ದ ಸಹೋದ್ಯೋಗಿ. ನೀರಜಾ ಅವನಿಗೆ ಹೆಬ್ಬೆರಳೆತ್ತಿ, ಗ್ರ್ಯಾಂಡ್ ಎಂದು ತುಟಿಯಲ್ಲೇ ಹೇಳಿ ಬೆನ್ನು ತಿರುಗಿಸಿದಳು.

ಅಲ್ಲಿ ಅಮ್ಮ ಫೋನಿಗಾಗಿ ಮಡಿಲು, ಸೀಟು ಎಲ್ಲ ತಡವುತ್ತಿದ್ದಳು. ಸಿಕ್ಕಿತು. ಎತ್ತಿ ಮುಖದ ಹತ್ತಿರ ಹಿಡಿದಳು. ಅವಳ ನೋಟ ನೀರಜಾಳ ಕಿವಿಯಾಚೆ ಎಲ್ಲೋ ನೆಟ್ಟಿತ್ತು.

ಇನ್ನೂ ನಂಬಲು ಮನಸ್ಸೊಪ್ಪಲಿಲ್ಲ. ನೀರಜಾ ತನ್ನ ಮುಖ ಕಾಣದಂತೆ ಕ್ಯಾಮೆರಾ ಆಫ್ ಮಾಡಿದಳು.

"ಅಮ್ಮ, ಕಾಣ್ತಿದೀನಾ?"

"ಕಾಣ್ದೆ ಏನೇ? ಚೆನ್ನಾಗಿ ಕಾಣ್ತೀಯ," ಎಂದಳು ಅಮ್ಮ. "ಬಡವಾಗಿದೀಯ. ಕಣ್ಣಿಗೆ ಒಂಚೂರು ಕಾಡಿಗೆ ಹಚ್ಕೋಬಾರ್ದಾ? ಮುಖ ಎಷ್ಟು ಸಪ್ಪಗಿದೆ!"

ನೀರಜಾ ಬಾಯಿಗೆ ಮುಷ್ಟಿ ಒತ್ತಿಕೊಂಡಳು. ಈಗಲೇ ಎದ್ದು ಹೊರಟರೂ ಅವಳು ನೈರೋಬಿ ಮುಟ್ಟುವ ಮೊದಲೇ ಅಮ್ಮನ ವಿಮಾನ ಹೊರಟಿರುತ್ತಿತ್ತು. ಹೊರಗೆ ಸಹೋದ್ಯೋಗಿ ಮತ್ತೆ ಗಾಜು ತಟ್ಟಿದ.

"ಹಚ್ಕೋತೀನಮ್ಮ," ಎಂದಳು.

"ಬರಕ್ಕಾಗ್ಲಿಲ್ಲ ಅಂತ ಕೊರಗ್ಬೇಡ ಮಗ್ಳೇ. ದಿನಾ ಹಿಂಗೇ ನೋಡ್ತಿರ್ತೀನಲ್ಲ."

ಅಮ್ಮ ಮಗಳ ಕೆನ್ನೆಯಿರಬೇಕೆಂದುಕೊಂಡ ಜಾಗವನ್ನು ಹೆಬ್ಬೆರಳಿನಿಂದ ಸವರತೊಡಗಿದಳು. ಸವರುತ್ತಾ ಸವರುತ್ತಾ ಆ ಬೆರಳು ಕ್ಯಾಮೆರಾದ ಮೇಲೇ ಬಂದು ನಿಂತಿತು, ನೀರಜಾಗೂ ಏನೂ ಕಾಣದಾಯಿತು.