ಹಡ್ಲು ಬಸಿದ ಮೇಲೆ

"ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಂಗೆ ನೀರಿನ ಲೆಕ್ಕ ಕೇಳೋಕೆ ಬಂದಿದಾನೆ, ನೋಡ್ರಪ್ಪಾ!"

ರೇಣುಕಪ್ರಸಾದರ ಮಾತಿಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರು. ನಮ್ಮಣ್ಣ ನಾಗೇಶನೂ ನಕ್ಕ. ನನಗೆ ಕಿವಿಯೆಲ್ಲ ಬಿಸಿಯಾಯಿತು.

ಅವರ ತೋಟ ಹಳ್ಳದ ಮೇಲ್ಗಡೆ, ನಮ್ಮ ತುಂಡು ತೋಟ ಕೆಳಗಡೆ. ನಮ್ಮ ಕಾಫಿ ಮೊಗ್ಗು ಕಟ್ಟಿ ನಿಂತಿತ್ತು, ಅದನ್ನು ಅರಳಿಸುವ ಹೂಮಳೆ ಬಂದಿರಲಿಲ್ಲ. ಆ ವಾರ ಸ್ಪ್ರಿಂಕ್ಲರ್ ಹಾಕದಿದ್ದರೆ ಮೊಗ್ಗು ಸುಟ್ಟು ಉದುರಿ, ವರ್ಷದ ಫಸಲೇ ಇಲ್ಲ. ಪೈಪ್ ಹೊತ್ತು ಹೋಗಿ ನೋಡಿದರೆ ಹಳ್ಳದ ಗುಂಡಿಯಲ್ಲಿ ಬರೀ ಕಲ್ಲು. ಯಾವ ಬೇಸಿಗೆಯಲ್ಲೂ ಬತ್ತದ ಗುಂಡಿ ಅದು. ಮೇಲಿನವರು ಮೋಟಾರ್ ಇಟ್ಟು ಎಳೆಯದೆ ಇನ್ನೇನು?

"ಲೆಕ್ಕ ನಂಗೆ ಗೊತ್ತಿಲ್ಲ ರೇಣುಕಣ್ಣ. ಕಳ್ಳತನ ಗೊತ್ತಾಗುತ್ತೆ" ಅಂದೆ.

ನಗು ನಿಂತಿತು.

"ಬಾರೋ ಹಾಗಾದ್ರೆ. ನಾಗೇಶ, ನೀನೂ ಬಾ. ನನ್ನ ಪೈಪ್ ಒಂದು ಸಿಕ್ಲಿ, ಈ ಊರಲ್ಲಿ ತಲೆ ಎತ್ತಿ ಓಡಾಡಲ್ಲ!"

ಮೂವರೂ ಹಳ್ಳ ಹಿಡಿದು ಹತ್ತಿದೆವು. ಪೊದೆ ಪೊದೆಗೂ ಕೋಲು ಹಾಕಿ ಕೆದಕಿದೆ. ಪೈಪಿಲ್ಲ, ಮೋಟಾರಿಲ್ಲ. ಅವರ ತೋಟದೊಳಗೂ ಹಳ್ಳ ಒಣಗಿತ್ತು, ಏಡಿ ಬಿಲಗಳ ಸುತ್ತ ಮಣ್ಣು ಬಿರುಕು ಬಿಟ್ಟಿತ್ತು. ರೇಣುಕಪ್ರಸಾದರು ನಿಂತೇಬಿಟ್ಟರು.

"ಇದೇನೋ ಮಾರಾಯ... ನಮ್ಮಲ್ಲೂ ಇಲ್ವಲ್ಲ!"

ಬೋರ್‌ವೆಲ್ ಇದ್ದವರು, ಈ ಬೇಸಿಗೆಯಲ್ಲಿ ಹಳ್ಳದ ಕಡೆ ಇಳಿದೇ ಇರಲಿಲ್ಲ.

"ಸಾಕು, ಬಿಸಿಲಾಯ್ತು, ಹೋಗಾಣ" ಅಂದ ಅಣ್ಣ. ನಾನು ಕೇಳದೆ ಹತ್ತಿದೆ.

ಅವರ ಬೇಲಿ ದಾಟಿದರೆ ಹಳ್ಳ ಹುಟ್ಟುವ ಜಾಗ, ನಮ್ಮದೇ ಹಡ್ಲು. ಎರಡು ಗುಡ್ಡಗಳ ನಡುವಿನ ಜೌಗು. ಸುಡು ಬೇಸಿಗೆಯಲ್ಲೂ ಕಾಲಿಟ್ಟರೆ ಹೂತುಹೋಗುವ ನೆಲ. ಅಣ್ಣ ಅದನ್ನು ಹೋದ ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟಿದ್ದ. ನಾನು ವಸ್ತಾರೆ ಕಡೆ ಮರಗಸಿಗೆ ಹೋಗಿ ಎಸ್ಟೇಟುಗಳಲ್ಲಿ ನೆರಳಿನ ಕೊಂಬೆ ಕಡಿಯುತ್ತಿದ್ದವನು, ಆಮೇಲೆ ಇತ್ತ ಬಂದಿರಲಿಲ್ಲ. ಶುಂಠಿ ಅಂತ ಗೊತ್ತಿತ್ತು. ಹೀಗೆ ಅಂತ ಗೊತ್ತಿರಲಿಲ್ಲ.

ಮುಂಡಿಗೆ ಪೊದೆಗಳು ಬೇರು ಮೇಲಾಗಿ ಬಿದ್ದಿದ್ದವು. ಜೌಗಿನ ಹುಲ್ಲು ಒಂದೆಸಳೂ ಇಲ್ಲ. ಸೊಂಟದಾಳದ ಚರಂಡಿಗಳು ಹಡ್ಲನ್ನು ಸೀಳಿಕೊಂಡು ಹಳ್ಳಕ್ಕೇ ಬಾಯಿ ತೆರೆದಿದ್ದವು. ಒಂದಕ್ಕೆ ಇಳಿದು ತಳಕ್ಕೆ ಬೆರಳು ಹಾಕಿದೆ. ಧೂಳು! ಮಳೆಗಾಲವೆಲ್ಲ ಕುಡಿದು, ಬೇಸಿಗೆಯುದ್ದಕ್ಕೂ ತೊಟ್ಟು ತೊಟ್ಟಾಗಿ ಬಿಡುತ್ತಿದ್ದ ನೆಲ. ಬಿದ್ದ ಮಳೆ ಬಿದ್ದ ದಿನವೇ ಈ ಚರಂಡಿಗಳಲ್ಲಿ ಓಡಿಹೋಗಿತ್ತು.

ರೇಣುಕಪ್ರಸಾದರು ಮಣ್ಣಿನ ದಿಬ್ಬದ ಮೇಲೆ ಕುಸಿದರು. "ಮಳೇಲಿ ಕೆಂಪು ನೀರು ನುಗ್ಗಿ ನನ್ನ ಕಟ್ಟೆ ಕಿತ್ಕೊಂಡು ಹೋಯ್ತಲ್ಲ... ಇಲ್ಲಿಂದಾನಾ?"

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರು ಹೊಡೆಸಿದ್ದು ಇದನ್ನ?" ಅಣ್ಣನನ್ನು ಕೇಳಿದೆ.

"ನಾನೇ. ನೀರು ನಿಂತ್ರೆ ಶುಂಠಿ ಕೊಳೆಯುತ್ತೆ ಅಂದ್ರು, ಜೆಸಿಬಿ ತರ್ಸಿ ಹೊಡೆಸ್ದೆ. ಜಿಗಣೆ ಬಿಟ್ರೆ ಏನಿತ್ತೋ ಈ ಹಾಳು ಜೌಗಲ್ಲಿ?" ಅಂದ. ನನ್ನ ಮುಖ ನೋಡಿ ದನಿ ಇಳಿಸಿದ. "ಶುಂಠಿ ಕಿತ್ತಾಯ್ತಲ್ಲ, ಮುಚ್ಚಿದ್ರಾಯ್ತು. ಒಂದು ಮಳೆ ಬಂದ್ರೆ ನೀರು ತಾನಾಗೇ ಬರುತ್ತೆ. ಅಲ್ವೇನೋ ಅರುಣ?"

ಬಾಯಿ ತೆರೆದರೆ ಕೈಯೂ ಏಳುತ್ತಿತ್ತು.



ಚರಂಡಿಯಿಂದ ಹತ್ತಿ ಬಂದು, ಅಣ್ಣನನ್ನು ದಾಟಿ, ಒಣ ಹಳ್ಳಕ್ಕಿಳಿದು ನಡೆದೆ.