ಸುಣ್ಣದ ಕೈ

"ಅಕ್ಕ, ಕೈಯೆಲ್ಲ ಸುಣ್ಣ ಉಂಟು. ಹೀಗೇ ದೇವರ ಎದುರು ಬರಬಹುದಾ?"

ತೋಟದ ಕೆಲಸದ ಬೋಜ ಹಿತ್ತಿಲ ನಲ್ಲಿಯ ಹತ್ತಿರ ನಿಂತು ಕೇಳಿದ. ಬೆಳಿಗ್ಗೆಯಿಂದ ಅವನು ಎಳೆ ರಬ್ಬರ್ ಗಿಡಗಳು ಬಿಸಿಲಿಗೆ ಸುಡದಿರಲೆಂದು ಕಾಂಡಕ್ಕೆ ಸುಣ್ಣ ಬಳಿಯುತ್ತಿದ್ದ. ಮೊಣಕೈವರೆಗೆ ಬೆಳ್ಳಗಾಗಿತ್ತು.

ಬಚ್ಚಲ ಕಟ್ಟೆಯ ಬಳಿ ಲಿಂಬೆಹೋಳು ಹಿಂಡಿ ಅಂಗೈಗೆ ಉಜ್ಜಿಕೊಳ್ಳುತ್ತಿದ್ದ ಭವಿತಾ ಕೈಯನ್ನು ಶಾಲಿನೊಳಗೆ ಅಡಗಿಸಿಕೊಂಡಳು.

"ನೀರಲ್ಲಿ ತೊಳೆದರೆ ಸಾಕು, ಬೋಜಣ್ಣ," ಎಂದಳು.

ಗುತ್ತಿಗಾರಿನ ಆ ಮನೆಯಲ್ಲಿ ಅತ್ತೆ ಶೀಲಾವತಿಯ ಚಿನ್ನದ ಬಳೆ ಕಾಣೆಯಾಗಿ ವಾರವಾಗಿತ್ತು. ಎಲ್ಲಿ ಹೋಯಿತೆಂದು ಭವಿತಾಳಿಗೂ ತಿಳಿಯದು. ಅತ್ತೆ ಬಾಯಿಬಿಟ್ಟು ಯಾರ ಹೆಸರೂ ಹೇಳಿರಲಿಲ್ಲ, ನಿಜ. ಆದರೆ ಕಪಾಟಿನ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದ್ದರು. ಸೊಸೆ ಶಾಲೆಗೆ ಹೊರಟರೆ ಅವಳ ಬ್ಯಾಗನ್ನೇ ದಿಟ್ಟಿಸುತ್ತಿದ್ದರು. "ಇಷ್ಟು ವರ್ಷ ಈ ಮನೆಯಿಂದ ಒಂದು ಸೂಜಿ ಹೋದದ್ದಿಲ್ಲ ಮಾರಾಯ್ರೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಗಂಡ ಹರಿಪ್ರಸಾದ್ ಕೂಡ ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದ. ಮದುವೆಯಾಗಿ ಬಂದು ವರ್ಷ ತುಂಬದ ಹೆಣ್ಣಿಗೆ ಕಳ್ಳಿಯೆಂಬ ಹೆಸರು ಅಂಟಿದರೆ ಆ ಮನೆಯಲ್ಲಿ ಬಾಳುವುದುಂಟೇ?

ಕೊನೆಗೆ ಅತ್ತೆ ತಮ್ಮ ತವರಿನ ಕ್ರಮವೊಂದನ್ನು ಹೊರತೆಗೆದರು. ದೇವರ ದೀಪದ ಎದುರು ಎಲ್ಲರ ಅಂಗೈಗೂ ಅರಶಿನ ನೀರು ಹೊಯ್ಯುವುದು. ಕದ್ದ ಕೈ ಕೆಂಪಾಗುತ್ತದಂತೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಭವಿತಾಳಿಗೆ ನಗು ಬಂತು. ಅರಶಿನ ಕೆಂಪಾಗುವುದು ಪ್ರತ್ಯಾಮ್ಲಕ್ಕೆ, ಪಾಪಕ್ಕಲ್ಲ. ಸುಣ್ಣವೋ ಸಾಬೂನೋ ಸೋಡಾಪುಡಿಯೋ ತಾಗಿದರೆ ಸಾಕು. ಆಮ್ಲವಿದ್ದಲ್ಲಿ ಅದು ಹಳದಿಯಾಗಿಯೇ ಉಳಿಯುತ್ತದೆ. ಅವಳ ಶಾಲೆಯ ಮಕ್ಕಳೂ ಬಾಯಿಪಾಠ ಒಪ್ಪಿಸುವ ಸಂಗತಿ ಇದು.

ಹಾಗೆಂದು ಹೇಳಲು ಹೊರಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಹೇಳಿದರೆ, ತಪ್ಪಿಸಿಕೊಳ್ಳಲು ಪಾಠ ಓದುತ್ತಾಳೆ ಅನ್ನುತ್ತಾರೆ. ಯಾರ ಕೈಯೂ ಕೆಂಪಾಗದಿದ್ದರೆ ಸಂಶಯ ತಿರುಗಿ ತನ್ನ ಕಾಲಬುಡಕ್ಕೇ ಬರುತ್ತದೆ. ಪಾತ್ರೆ ತಿಕ್ಕಿದ ಸಾಬೂನು ತನ್ನ ಕೈಯಲ್ಲೇ ಉಳಿದಿದ್ದರಂತೂ ಮುಗಿದೇ ಹೋಯಿತು. ಅದಕ್ಕೇ ಲಿಂಬೆ ಹಿಂಡಿದ್ದಳು.

ಮಾವ ಕುಕ್ಕಪ್ಪ ಮೊದಲು ಕೈ ಒಡ್ಡಿದರು. ಹಳದಿ. ಹರಿಪ್ರಸಾದನದೂ ಹಳದಿ. ಭವಿತಾಳ ಸರದಿ ಬಂದಾಗ ಅತ್ತೆ ಒಂದು ಸೌಟು ಹೆಚ್ಚೇ ಹೊಯ್ದು, ಬಗ್ಗಿ ನೋಡಿದರು. ಹಳದಿಯೇ. ಅತ್ತೆಯ ಮುಖ ಹುಳ್ಳಗಾಯಿತು. ಬೆಳಿಗ್ಗೆ ಆಸಿಡ್ ಬೆರೆಸಿ ರಬ್ಬರ್ ಹಾಲು ಹೆಪ್ಪುಗಟ್ಟಿಸಿದ್ದ ಇನ್ನೊಬ್ಬ ಕೆಲಸದಾಳು ಸಲಾಂನ ಕೈಯೂ ಬಣ್ಣ ಬದಲಿಸಲಿಲ್ಲ.

ಬೋಜ ದೀಪಕ್ಕೆ ಕೈಮುಗಿದು ಅಂಗೈ ಬಿಡಿಸಿದ. ನೀರು ಬಿದ್ದದ್ದೇ ತಡ, ಚರ್ಮದ ಬಿರುಕುಗಳಲ್ಲಿ ಕುಳಿತಿದ್ದ ಸುಣ್ಣ ತನ್ನ ಕೆಲಸ ಮಾಡಿತು. ಗೆರೆಗೆರೆಯೂ ಕೆಂಪಾಯಿತು.

"ಬೋಜಾ! ಅನ್ನ ಹಾಕಿದ ಮನೆಗೇ?" ಅತ್ತೆ ಕಿರುಚಿದರು.

'ಅದು ಸುಣ್ಣ' ಎಂದಿದ್ದರೆ ಸಾಕಿತ್ತು. ಭವಿತಾಳ ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಹರಿಪ್ರಸಾದ್ ಅವಳತ್ತ ತಿರುಗಿ, ಎಷ್ಟೋ ದಿನದ ಮೇಲೆ, ಸಣ್ಣಗೆ ನಕ್ಕ. ಅವಳು ಮಾತು ನುಂಗಿಕೊಂಡಳು. ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು. ಆದರೆ ಅದಕ್ಕಿಂತ ಹೆಚ್ಚು ಹಗುರವಾಯಿತು.

"ಪೊಲೀಸು ಗಿಲೀಸು ಬೇಡ," ಎಂದರು ಕುಕ್ಕಪ್ಪ. "ಸಂಜೆ ಒಳಗೆ ಬಳೆ ತಂದಿಡು. ನಾಳೆಯಿಂದ ಕೆಲಸಕ್ಕೆ ಬರುದು ಬೇಡ, ಶೆಡ್ಡೂ ಖಾಲಿ ಮಾಡು."

ಬೋಜ ಅಳಲಿಲ್ಲ, ಆಣೆ ಹಾಕಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತ ಹಿತ್ತಿಲಿಗೆ ಹೋದ. ಭವಿತಾ ಅಲ್ಲಿಗೆ ಬಂದಾಗ ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕ, ನೀವು ಓದಿದವರು. ನಾನು ತೆಗೆದದ್ದು ನನಗೆ ನೆನಪೇ ಇಲ್ಲ. ಕುಡಿದ ದಿನ ಎಂತಾದ್ರೂ ಮಾಡಿದೆನೋ ಏನೋ. ದೇವರ ಎದುರಿನ ನೀರು ಸುಳ್ಳು ಹೇಳ್ತದಾ?"

ಒಳಗಿನಿಂದ ಅತ್ತೆ ಕರೆದರು. "ಭವಿತಾ, ಬಾ ಮಗಳೇ, ಊಟ ಮಾಡುವ." ಅತ್ತೆಯ ಬಾಯಲ್ಲಿ 'ಮಗಳೇ' ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

"ಸರಿಯಾಗಿ ನೆನಪು ಮಾಡಿ ನೋಡಿ, ಬೋಜಣ್ಣ," ಎಂದು ಹೇಳಿ ಒಳಗೆ ಹೋದಳು.

ಊಟ ಮುಗಿಸಿ ಹೊರಬಂದಾಗ ರಬ್ಬರ್ ಗಿಡಗಳ ಆಚೆ ಅವನ ಶೆಡ್ಡು ಕಾಣುತ್ತಿತ್ತು. ಬೋಜ ಪಾತ್ರೆ, ಚಾಪೆ, ಬಟ್ಟೆಬರೆಯನ್ನೆಲ್ಲ ಅಂಗಳಕ್ಕೆ ತಂದು ರಾಶಿ ಹಾಕಿದ್ದ. ಡಬ್ಬದ ಅಕ್ಕಿಯನ್ನು ಗೋಣಿಯ ಮೇಲೆ ಸುರಿದು, ಹಿಡಿ ಹಿಡಿಯಾಗಿ ಸರಿಸುತ್ತ ಬಳೆ ಹುಡುಕುತ್ತಿದ್ದ. ಹೆಂಡತಿ ಸ್ವಲ್ಪ ಹೊತ್ತು ಬೈಯುತ್ತ ನಿಂತಿದ್ದಳು. ಆಮೇಲೆ ಅವಳೂ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅಕ್ಕಿಗೆ ಕೈಹಾಕಿದಳು.